ಕ್ಯಾನ್ವಾಸಿನಿಂದ ಹೊರಬಂದ ಹೆಣ್ಣು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿ ಬಂದವರು ಅಲ್ಲಿನ ಉಳಿದದ್ದನ್ನೆಲ್ಲ ಮರೆತರೂ ದೀಪ ಹಿಡಿದು ನಿಂತ ಹೆಣ್ಣುಮಗಳನ್ನು ಮರೆಯುವುದಿಲ್ಲ. ಎಸ್.ಎಲ್. ಹಲ್ದಣಕರ್ ಅವರ ಆ ಕೃತಿಯನ್ನು ರವಿವರ್ಮನದೆಂದೂ ತೈಲಚಿತ್ರವೆಂದೂ ನಂಬಿರುವವರು ಇಂದಿಗೂ ಇದ್ದಾರೆ. ವಾಸ್ತವವಾಗಿ ಅದು ಜಲವರ್ಣದ ಚಿತ್ರ. ಕಲಾವಿದರು ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದದ್ದು. ಅದೇ ಕಟ್ಟಡದಲ್ಲಿ ರವಿವರ್ಮನ ತೈಲಚಿತ್ರಗಳೂ ಇವೆ. ಅಲ್ಲಿನ ರೇಷ್ಮೆ ಸೀರೆಯ ಮಡಿಕೆ, ಒಡವೆಯ ಹೊಳಪು, ಮೈಬಣ್ಣದ ಕಾಂತಿ ನಮ್ಮ ಸೌಂದರ್ಯದ ಕಲ್ಪನೆಯನ್ನೇ ರೂಪಿಸಿವೆ. ಚಿತ್ರದಲ್ಲಿರುವವಳು ಹೆಣ್ಣು, ಬರೆದವನು ಗಂಡು ಎಂಬುದು ಬಹುಕಾಲ ಯಾರಿಗೂ ವಿಶೇಷವಾಗಿ ಕಾಣಲಿಲ್ಲ.

ಹೆಣ್ಣಿನ ಆಕೃತಿಯನ್ನು ಹೆಣ್ಣೇ ಬರೆಯತೊಡಗಿದಾಗ ಏನು ಬದಲಾಗುತ್ತದೆ? ಭಾರತದಲ್ಲಿ ಈ ಪ್ರಶ್ನೆಗೆ ದೊಡ್ಡ ಉತ್ತರವೊಂದು ಅಮೃತಾ ಶೇರ್‌ಗಿಲ್ ಅವರಿಂದ ಬಂದಿತು. ದಕ್ಷಿಣ ಭಾರತದ ಪ್ರವಾಸದ ಬೆನ್ನಿಗೇ 1937ರಲ್ಲಿ ಅವರು ಬರೆದ ತೈಲಚಿತ್ರಗಳಲ್ಲಿ ಸಿಂಗಾರಗೊಳ್ಳುತ್ತಿರುವ ವಧು ಇದ್ದಾಳೆ, ಸಂತೆಗೆ ಹೊರಟ ಹಳ್ಳಿಗರಿದ್ದಾರೆ. ನೋಡುವವರನ್ನು ಮೆಚ್ಚಿಸಲೆಂದು ನಿಂತವರು ಮಾತ್ರ ಯಾರೂ ಇಲ್ಲ. 28ನೆಯ ವಯಸ್ಸಿಗೇ ತೀರಿಕೊಂಡ ಅವರ ‘ದಿ ಸ್ಟೋರಿ ಟೆಲ್ಲರ್’ ಚಿತ್ರ 2023ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಮಾರಾಟವಾದಾಗ ಎಲ್ಲೆಡೆ ಬೆಲೆಯ ಚರ್ಚೆ ನಡೆಯಿತು. ಚಿತ್ರದೊಳಗಿನ ಹೆಂಗಸರ ಬಗ್ಗೆ ಅಷ್ಟು ಚರ್ಚೆ ನಡೆಯಲಿಲ್ಲ.

ನಮ್ಮ ಕರ್ನಾಟಕದಲ್ಲಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು ಬೇರೆಯದೇ ದಾರಿಯಲ್ಲಿ ನಡೆದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಅವರು ಆರ್.ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಅಭ್ಯಾಸ ಆರಂಭಿಸಿ, ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಮುಂದುವರಿಸಿ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಚಿತ್ರಕಲೆಯ ಸ್ನಾತಕೋತ್ತರ ಪದವಿ ಪಡೆದರು. ಅವರ ಆರಂಭದ ಕೃತಿಗಳು ಆಕೃತಿಪ್ರಧಾನವಾದ ತೈಲಚಿತ್ರಗಳು. ಗಿಡಮರಗಳ ನಡುವೆ ತಮ್ಮಷ್ಟಕ್ಕೆ ತಾವೇ ಯೋಚನೆಯಲ್ಲಿ ಮುಳುಗಿದ ಹುಡುಗಿಯರು ಅವುಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಕೆ.ಜಿ. ಸುಬ್ರಮಣ್ಯನ್ ಅವರ ಪ್ರಭಾವವನ್ನು ವಿಮರ್ಶಕರು ಆ ಚಿತ್ರಗಳಲ್ಲಿ ಗುರುತಿಸಿದ್ದಾರೆ.

ತೈಲವರ್ಣವೆಂಬುದು ಸಾವಧಾನದ ಮಾಧ್ಯಮ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಒಣಗಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಪದರದ ಮೇಲೆ ಪದರ ಹಚ್ಚಿ, ತಿದ್ದಿ, ಮತ್ತೆ ಕಾಯಬೇಕು. ಹಾಗಾಗಿಯೇ ಚರ್ಮ, ರೇಷ್ಮೆ, ಲೋಹ ಮುಂತಾದವು ಕೈಯಿಂದ ಮುಟ್ಟಬಹುದೆಂಬಂತೆ ಅದರಲ್ಲಿ ಮೂಡಿಬರುತ್ತವೆ. ಮುಟ್ಟಬಹುದಾದದ್ದನ್ನು ತನ್ನದಾಗಿಸಿಕೊಳ್ಳಬೇಕೆಂಬ ಒಡೆಯನ ಹಂಬಲಕ್ಕೆ ಐರೋಪ್ಯ ತೈಲಚಿತ್ರ ಪರಂಪರೆ ಕನ್ನಡಿ ಹಿಡಿಯಿತೆಂದು ಜಾನ್ ಬರ್ಜರ್ 1972ರಲ್ಲಿ ವಾದಿಸಿದ್ದರು. ಹೆಣ್ಣಿನ ದೇಹವೂ ಆ ಆಸ್ತಿಯ ಪಟ್ಟಿಯಲ್ಲಿ ಸೇರಿತ್ತೆಂಬುದು ಅವರ ವಾದದ ಮುಖ್ಯ ಭಾಗ. ಅರ್ಥಶಾಸ್ತ್ರ ಓದಿದವರಿಗೆ ಇದನ್ನು ಒಪ್ಪುವುದು ಕಷ್ಟವಲ್ಲ. ಯಾವುದೇ ಕಲೆಗೆ ಹಣ ಕೊಡುವವನು ಯಾರು ಎಂಬುದರ ಛಾಯೆ ಆ ಕಲೆಯ ಮೇಲೆ ಬೀಳದೆ ಇರುವುದಿಲ್ಲ.

ಶೀಲಾ ಗೌಡ ಅವರ ತಿರುವು ಬಂದದ್ದು 1990ರ ದಶಕದ ಆರಂಭದಲ್ಲಿ. 1992ರ ಡಿಸೆಂಬರ್ ಮತ್ತು ಅದರ ನಂತರದ ತಿಂಗಳುಗಳ ಕೋಮುಹಿಂಸೆಯಿಂದ ಕಲಕಿಹೋದ ದೇಶದಲ್ಲಿ, ನಡೆದ ಹಿಂಸೆಯನ್ನು ಚೆಂದದ ಬಣ್ಣಗಳಲ್ಲಿ ಆಕೃತಿಯಾಗಿ ಬರೆದು ತೋರಿಸುವುದು ಸಾಕಾಗುವುದಿಲ್ಲ ಎಂಬ ನಿಲುವಿಗೆ ಅವರ ಕಲೆ ಬಂದು ನಿಂತಿತು. ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಪವಿತ್ರವೆನಿಸಿಕೊಂಡ ವಸ್ತು, ಒಲೆಗೆ ಉರುವಲು, ಅಂಗಳಕ್ಕೆ ಸಾರಣೆ, ಯಾವ ಜೀವವನ್ನೂ ಕೊಲ್ಲದೆ ದೊರೆಯುವಂಥದ್ದು. ಸಾರಿಸುವವಳೂ ಬೆರಣಿ ತಟ್ಟುವವಳೂ ಹೆಣ್ಣೇ. ಬಣ್ಣವಾಗಿ ಬಂದ ಸಗಣಿ ಮುಂದೆ ಶಿಲ್ಪದ ದ್ರವ್ಯವೂ ಆಯಿತು.

ಮಧ್ಯಮ ವರ್ಗದ ಓದುಗರು ಇಲ್ಲಿ ಹುಬ್ಬೇರಿಸುವುದು ಸಹಜ. ಚೆನ್ನಾಗಿ ಚಿತ್ರ ಬರೆಯಬಲ್ಲ ಕಲಾವಿದೆ ಚಿತ್ರವನ್ನೇ ಬಿಟ್ಟು ಸಗಣಿ, ದಾರ, ಕೂದಲು ಹಿಡಿದುಕೊಂಡರೆ ಅದನ್ನು ಬೆಳವಣಿಗೆ ಎನ್ನಬೇಕೆ? ಈ ಸಂದೇಹವನ್ನು ತಾತ್ಸಾರ ಮಾಡಬಾರದು. ಅದಕ್ಕೆ ಉತ್ತರವಾಗಿ ಒಂದು ಕೃತಿಯನ್ನು ಗಮನಿಸಬಹುದು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ‘ಡಾಕ್ಯುಮೆಂಟಾ’ ಪ್ರದರ್ಶನದಲ್ಲಿದ್ದ ಅವರ ಆ ಕೃತಿಯ ಹೆಸರನ್ನು ಕನ್ನಡದಲ್ಲಿ ‘ನನ್ನ ನೋವನ್ನು ಅವನಿಗೆ ಹೇಳು’ ಎನ್ನಬಹುದು. ಸೂಜಿಯ ಕಣ್ಣಿನಲ್ಲಿ ನೂರಾರು ಅಡಿ ಉದ್ದದ ದಾರವನ್ನು ಎಳೆದು, ಅಂಥ ಹತ್ತಾರು ಎಳೆಗಳನ್ನು ಕುಂಕುಮ ಬೆರೆಸಿದ ಅಂಟಿನಿಂದ ಒಂದುಗೂಡಿಸಿದ ಕೆಂಪು ಹುರಿ ಅದು. ಗೋಡೆಯ ಮೇಲೂ ನೆಲದ ಮೇಲೂ ಅದು ಹರಿದಾಡುತ್ತದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋತಾಡುತ್ತವೆ. ಮುಖವಿಲ್ಲ, ಮೈಯಿಲ್ಲ. ಆದರೂ ಕರುಳು, ರಕ್ತ, ಹೊಕ್ಕುಳಬಳ್ಳಿ, ಕುಂಕುಮವಿಟ್ಟ ಹಣೆ ಎಲ್ಲವೂ ನೆನಪಾಗುತ್ತವೆ. ಆಕೃತಿ ಮರೆಯಾಯಿತೆಂದುಕೊಂಡ ಕಡೆಯಲ್ಲೇ ಹೆಣ್ಣಿನ ದೇಹ, ಅದಕ್ಕಿಂತ ಹೆಚ್ಚಾಗಿ ಆಕೆಯ ದುಡಿಮೆ ನಮ್ಮೆದುರು ಬಂದು ನಿಲ್ಲುತ್ತದೆ.

ದುಡಿಮೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಒಬ್ಬನು ತನ್ನ ಮನೆಗೆಲಸದಾಕೆಯನ್ನು ಮದುವೆಯಾದರೆ ರಾಷ್ಟ್ರೀಯ ಆದಾಯ ಅಷ್ಟರಮಟ್ಟಿಗೆ ಕುಸಿಯುತ್ತದೆ ಎಂದು ಪಿಗೂ ಎಂಬ ಅರ್ಥಶಾಸ್ತ್ರಜ್ಞ ಒಂದು ಶತಮಾನದ ಹಿಂದೆಯೇ ತೋರಿಸಿದ್ದ. ಮಾಡುವ ಕೆಲಸ ಅದೇ. ಸಂಬಳ ನಿಂತೊಡನೆ ಅದು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಲೆಕ್ಕಕ್ಕೆ ಸಿಗದ ಆ ಕೆಲಸವನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆಂಬ ಪ್ರಶ್ನೆಗೆ ನಮ್ಮ ಶಾಸ್ತ್ರದ ಬಳಿ ಇಂದಿಗೂ ತೃಪ್ತಿಕರ ಉತ್ತರವಿಲ್ಲ. ನೂರಾರು ಅಡಿ ದಾರ ಸೂಜಿಗಣ್ಣಿನಲ್ಲಿ ಹಾದುಹೋದದ್ದನ್ನು ಎದುರಿಗೆ ಕಂಡವರಿಗೆ ಆ ಕೈಗಳು ಕಳೆದ ಹೊತ್ತಿನ ಅಂದಾಜು ತಾನಾಗಿ ಸಿಗುತ್ತದೆ.

2009ರ ವೆನಿಸ್ ಬಿಯೆನಾಲೆಯಲ್ಲಿ ಅವರು ತೋರಿಸಿದ ‘ಬಿಹೋಲ್ಡ್’ ಕೃತಿಯೂ ಇದೇ ಬಗೆಯದು. ದೇವಸ್ಥಾನಗಳಲ್ಲಿ ಹರಕೆಯಾಗಿ ಅರ್ಪಿತವಾದ ಕೂದಲಿನ ಹುರಿಯನ್ನು ದೃಷ್ಟಿ ತಗುಲದಿರಲೆಂದು ವಾಹನದ ಬಂಪರಿಗೆ ಕಟ್ಟುವುದನ್ನು ಬೆಂಗಳೂರಿನ ರಸ್ತೆಗಳಲ್ಲಿ ಕಂಡಿದ್ದೇವೆ. ಅಂಥ ಹುರಿಯನ್ನು ನಾಲ್ಕು ಕಿಲೋಮೀಟರಿನಷ್ಟು ಕೂಡಿಸಿ, ಉಕ್ಕಿನ ಬಂಪರುಗಳನ್ನು ಅದರಿಂದಲೇ ತೂಗುಹಾಕಿದ ಆ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. 2019ರಲ್ಲಿ ಅವರಿಗೆ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಸಂದಿತು. ಅದೇ ವರ್ಷ ಮಿಲಾನಿನಲ್ಲಿ ಅವರ ದೊಡ್ಡ ಪ್ರದರ್ಶನವೂ ನಡೆಯಿತು.

ಕಾಸೆಲ್, ವೆನಿಸ್, ಲಂಡನ್, ಮಿಲಾನ್. ಈ ಸಾಲಿನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಹೆಸರು ಎಂದೂ ಬರಲಾರದೆಂದು ನಾವು ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ದಾರದ ಕಲೆಯನ್ನು ಅರ್ಥ ಮಾಡಿಕೊಳ್ಳಲು ಆ ಸೀಮೆಗಿಂತ ಅರ್ಹವಾದ ಜಾಗ ಯಾವುದಿದೆ? ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಚಂದ್ರಿಕೆ, ಗೂಡಿನ ಮಾರುಕಟ್ಟೆ ಇವುಗಳ ಸುತ್ತಲೇ ಅಲ್ಲಿನ ಬದುಕು ತಿರುಗುತ್ತದೆ. ನೂಲು ಬಿಚ್ಚಾಣಿಕೆಯ ಘಟಕಗಳಲ್ಲಿ ಹೆಂಗಸರು ಬಿಸಿನೀರಿನಲ್ಲಿ ಕೈಯಿಟ್ಟು, ಬೆಂದ ಗೂಡಿನ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ತೆಗೆಯುತ್ತಾರೆ. ಒಂದೊಂದು ಗೂಡಿನಿಂದಲೂ ನೂರಾರು ಮೀಟರ್ ಎಳೆ ಬಿಚ್ಚಿಬರುತ್ತದೆ. ರವಿವರ್ಮನ ನಾಯಕಿಯರು ಉಟ್ಟಂಥ ರೇಷ್ಮೆಯ ಹೊಳಪಿನ ಹಿಂದೆ ಇಂಥ ಬೆರಳುಗಳಿರುತ್ತವೆ. ಚಿತ್ರದಲ್ಲಿ ಅವು ಕಾಣುವುದಿಲ್ಲ.

ಬೆಂಗಳೂರಿನಲ್ಲಿ ವೆಂಕಟಪ್ಪ ಚಿತ್ರಶಾಲೆ ಇದೆ, ಚಿತ್ರಕಲಾ ಪರಿಷತ್ತು ಇದೆ, 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಅಲ್ಲಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದ ಹಳ್ಳಿಯ ಶಾಲೆಯ ಮಗುವಿಗೆ ಒಂದು ಮೂಲ ತೈಲಚಿತ್ರವನ್ನು ಹತ್ತಿರ ನಿಂತು ನೋಡುವ ಅವಕಾಶ ಸುಲಭವಾಗಿ ಸಿಗುವುದಿಲ್ಲ. ಕಲೆಯ ಮಾರುಕಟ್ಟೆ ಇದನ್ನು ಸರಿಪಡಿಸುತ್ತದೆಂದು ಕಾಯುವುದು ವ್ಯರ್ಥ. ಕೊಳ್ಳುವವರಿಲ್ಲದ ಕಡೆಗೆ ಮಾರುಕಟ್ಟೆ ಹೋಗುವುದಿಲ್ಲ. ಇದು ಸರ್ಕಾರ ಮತ್ತು ಅಕಾಡೆಮಿಗಳು ಮಾಡಬೇಕಾದ ಕೆಲಸ. ಇದಕ್ಕೆ ಹೊಸ ಕಟ್ಟಡಗಳೇ ಬೇಕೆಂದಿಲ್ಲ. ವರ್ಷಕ್ಕೊಮ್ಮೆ ಹತ್ತು ಮೂಲಕೃತಿಗಳನ್ನು ವಿಮೆ ಮಾಡಿಸಿ, ಬಲ್ಲವರೊಬ್ಬರ ಜೊತೆಯಲ್ಲಿ ತಾಲ್ಲೂಕು ಕೇಂದ್ರದ ಸಭಾಂಗಣಕ್ಕೆ ಕಳುಹಿಸಬಹುದು. ಚಿತ್ರಕಲಾ ಶಿಕ್ಷಕರ ಹುದ್ದೆಯನ್ನು ಕೊನೆಗೆ ತುಂಬಬೇಕಾದ ಹುದ್ದೆಯೆಂದು ಭಾವಿಸುವ ಕಡತದ ಅಭ್ಯಾಸವನ್ನು ಬಿಡಬಹುದು.

ಹಾಗೊಮ್ಮೆ ಆ ಕೆಂಪು ಹುರಿ ಶಿಡ್ಲಘಟ್ಟದವರೆಗೆ ಬಂದರೆ, ಬಿಚ್ಚಾಣಿಕೆಯ ಹೆಂಗಸು ಅದರೆದುರು ನಿಂತು ಇದು ಕಲೆಯೇ ಎಂದು ಮೊದಲು ಕೇಳಲಾರಳು. ಇಷ್ಟು ದಾರ ಪೋಣಿಸಲು ಎಷ್ಟು ದಿನ ಹಿಡಿಯಿತು, ಬೆರಳು ನೋಯಲಿಲ್ಲವೇ ಎಂದು ಕೇಳಿಯಾಳು.