ವೈದ್ಯರ ನಿಮಿಷಕ್ಕೆ ಬೆಲೆಯೆಷ್ಟು?

ಭೀಮಾ ನದಿಯ ತಡಿಯ ಸನ್ನತಿಯಲ್ಲಿ ನಮ್ಮ ಸೋದರತ್ತೆಯವರ ಮನೆಯಿದೆ. ಕಳೆದ ವರ್ಷ ಅವರ ಮೊಣಕಾಲು ಊದಿ ನಿದ್ರೆ ಕೆಟ್ಟಾಗ, 50 ಕಿಲೋಮೀಟರಿಗೂ ಮೀರಿದ ದಾರಿಯನ್ನು ಸವೆಸಿ ಅವರನ್ನು ಕಲಬುರಗಿಗೆ ಕರೆದೊಯ್ದೆನು. ಮುಂಜಾನೆ ಹೊರಟವರಿಗೆ ವೈದ್ಯರ ದರ್ಶನವಾದುದು ಮಧ್ಯಾಹ್ನದ ಮೇಲೆ. ಅತ್ತೆಯವರು ಸೆರಗು ಸರಿಪಡಿಸಿಕೊಂಡು ತಮ್ಮ ಕಥೆಯನ್ನು ಆರಂಭಿಸುವಷ್ಟರಲ್ಲಿ ಔಷಧದ ಚೀಟಿ ಕೈಗೆ ಬಂದಿತ್ತು.

"ಹೇಳೂದು ಇನ್ನಾ ಭಾಳ ಇತ್ತಲ್ಲೋ ತಮ್ಮಾ" ಎಂದರು, ಹೊರಗೆ ಬಂದು.

ವೈದ್ಯರನ್ನು ದೂರಿ ಫಲವಿಲ್ಲ. ಬಾಗಿಲ ಬಳಿ ಇನ್ನೂ ಹತ್ತಾರು ಮಂದಿ ಕಾದಿದ್ದರು. 67 ದೇಶಗಳ ಲೆಕ್ಕವನ್ನು ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಂತೆ, ಸಾಮಾನ್ಯ ಚಿಕಿತ್ಸೆಗೆ ಬಂದ ರೋಗಿಗೆ ಸ್ವೀಡನ್ನಿನ ವೈದ್ಯರು ಕೊಡುವ ಕಾಲ 22½ ನಿಮಿಷ. ನಮ್ಮ ದೇಶದಲ್ಲಿ ಸುಮಾರು 2 ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡು!

ವಿನೋದವೆಂದರೆ, ಅತ್ತೆಯವರ ಮೊಮ್ಮಗನು ಬೆಂಗಳೂರಿನಲ್ಲಿ ಕುಳಿತು ಈ ನಿಮಿಷಗಳನ್ನೇ ಎಣಿಸುತ್ತಾನೆ. ಆದರೆ ಅವು ಅಮೆರಿಕದ ವೈದ್ಯರ ನಿಮಿಷಗಳು! ಅವರ ಟಿಪ್ಪಣಿಗಳನ್ನೋದಿ ಬಿಲ್ಲಿಗೆ ಸಂಕೇತಾಂಕ ಹಾಕುವುದು ಅವನ ಉದ್ಯೋಗ. ಈ ಅಂಕಗಳ ಪುಸ್ತಕವನ್ನು ಅಮೆರಿಕದ ವೈದ್ಯ ಸಂಘವು 1966ರಲ್ಲಿ ಮೊದಲು ಹೊರತಂದಿತು. ಕಾಲದ ಲೆಕ್ಕದಲ್ಲಿ ನೋಡಿದರೆ, ಹಳೆಯ ರೋಗಿಗೆ 40 ನಿಮಿಷ ಕೊಟ್ಟ ವೈದ್ಯರಿಗೆ 99215. ಅದರ ಮೇಲೆ ಪೂರ್ಣ 15 ನಿಮಿಷ ಕಳೆದರೆ, ಎಂದರೆ 55 ನಿಮಿಷವಾದರೆ, 99417 ಎಂಬ ಇನ್ನೊಂದು ಅಂಕ. ಮುಂದೆ ಪ್ರತಿ 15 ನಿಮಿಷಕ್ಕೂ ಹಾಗೆಯೇ. ಅದೇ ದಿನ ರೋಗಿಯ ಹಿಂದಿನ ದಾಖಲೆಗಳನ್ನು ಓದಿದ ಹೊತ್ತೂ, ಟಿಪ್ಪಣಿ ಬರೆದ ಹೊತ್ತೂ ಲೆಕ್ಕಕ್ಕೆ ಬರುತ್ತವೆ; ದಾದಿಯರು ಕಳೆದ ಹೊತ್ತು ಬಾರದು. ವೃದ್ಧರಿಗೆ ಅಲ್ಲಿನ ಸರಕಾರ ನಡೆಸುವ ಮೆಡಿಕೇರ್ ವಿಮೆ ಮಾತ್ರ ಈ ಅಂಕವನ್ನು ಒಪ್ಪದೆ, ಜಿ2212 ಎಂಬ ತನ್ನದೇ ಅಂಕವನ್ನಿಟ್ಟುಕೊಂಡು 69 ನಿಮಿಷವಾಗುವವರೆಗೆ ಹೆಚ್ಚಿನ ಹಣ ಕೊಡುವುದಿಲ್ಲ. ಜಿಪುಣತನಕ್ಕೂ ಸಂಕೇತಾಂಕವುಂಟೆಂದಾಯಿತು.

ನಮ್ಮಲ್ಲಿಯೂ ಅಂಕಗಳಿಲ್ಲದಿಲ್ಲ. ಬಡ ಕುಟುಂಬಗಳ ದೊಡ್ಡ ಕಾಯಿಲೆಗಳಿಗಾಗಿ 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಕಾಲಿಟ್ಟುದೇ ಈ ಕಲಬುರಗಿ ವಿಭಾಗದಲ್ಲಿ. ಅದರಿಂದ ಎಷ್ಟೋ ಮನೆಗಳ ಹೊಲ ಉಳಿದಿರಬೇಕು. 2018ರ ಆರೋಗ್ಯ ಕರ್ನಾಟಕದಲ್ಲಿಯೂ ಒಂದೊಂದು ಚಿಕಿತ್ಸೆಗೆ ಒಂದೊಂದು ಅಂಕ, ಒಂದು ಗೊತ್ತಾದ ಮೊತ್ತ. ಹೃದಯದ ಶಸ್ತ್ರಚಿಕಿತ್ಸೆಗೆ ಅಂಕವುಂಟು. ಮುದುಕಿಯೊಬ್ಬಳ ಮಾತನ್ನು ಕೊನೆಯವರೆಗೆ ಕೇಳಿದುದಕ್ಕೆ ಇಲ್ಲ.

ಎರಡನೆಯ ಸಲ ಹೋಗುವ ಮುನ್ನ ಅತ್ತೆಯವರು ಹೇಳಿದುದನ್ನೆಲ್ಲ ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆನು. ಬೇರೊಬ್ಬ ವೈದ್ಯರು ಅದನ್ನು ಓದಿ, "ನೋವಿಗೆ ಅಂಗಡಿಯ ಗುಳಿಗೆ ಏನಾದರೂ ನುಂಗುತ್ತೀರೇನಮ್ಮಾ?" ಎಂದು ಕೇಳಿದರು. ನುಂಗುತ್ತಿದ್ದರು; ದಿನಕ್ಕೆರಡರಂತೆ, ವರ್ಷದಿಂದ! ನನ್ನ ಹಾಳೆಯಲ್ಲಿ ಅದೊಂದೇ ಇರಲಿಲ್ಲ. ವೈದ್ಯರು ಅದನ್ನು ಅಂದೇ ನಿಲ್ಲಿಸಿ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆಗೆ ಬರೆದರು. ಪೆಟ್ಟು ಸ್ವಲ್ಪ ಬಿದ್ದಿತ್ತು, ತಡವಾಗಿರಲಿಲ್ಲ. ಗಡಿಯಾರ ನೋಡಿಕೊಂಡೆ: ಒಳಗೆ ಹೋಗಿ 11 ನಿಮಿಷವಾಗಿತ್ತು. ರಶೀದಿಯಲ್ಲಿದ್ದ ಶುಲ್ಕ ಮೊದಲ ವೈದ್ಯರದಷ್ಟೇ.