ಕಣ್ಣು ತೆರೆದಿರುವ ಆ ಕೆಲವು ನಿಮಿಷ

1905ರ ಡಿಸೆಂಬರ್ 7ರಂದು, ಇಂದಿನ ಜೆಕ್ ಗಣರಾಜ್ಯದಲ್ಲಿರುವ ಓಲೊಮೊಟ್ಸ್‌ನಲ್ಲಿ ವೈದ್ಯ ಎಡ್ವರ್ಡ್ ಜಿರ್ಮ್ ಒಬ್ಬ ಕೂಲಿಕಾರನಿಗೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕಸಿ ಮಾಡಿದರು. ಸುಣ್ಣ ಬಿದ್ದು ಅವನ ಕಣ್ಣುಗಳು ಸುಟ್ಟಿದ್ದವು. ಕಸಿ ಮಾಡಿದ ಮನುಷ್ಯ ಕಾರ್ನಿಯಾ ಮಸುಕಾಗದೆ ಉಳಿದದ್ದು ಅದೇ ಮೊದಲು. ಕಣ್ಣನ್ನು ಮರಗಟ್ಟಿಸುವ ಕೊಕೇನ್ ಹನಿ 1884ರಿಂದಲೇ ಬಳಕೆಯಲ್ಲಿತ್ತು. ಆದರೂ ಜಿರ್ಮ್ ಒತ್ತು ಕೊಟ್ಟದ್ದು ಆಳವಾದ ಅರಿವಳಿಕೆಗೆ.

ನೋವಷ್ಟೇ ಇದಕ್ಕೆ ಕಾರಣವಲ್ಲ. ಕಣ್ಣಿನೊಳಗೆ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟು ಒತ್ತಡವಿರುತ್ತದೆ. ಪೂರ್ಣ ದಪ್ಪದ ಕಸಿಯಲ್ಲಿ ಕೆಟ್ಟ ಕಾರ್ನಿಯಾವನ್ನು ಬಿಲ್ಲೆಯಂತೆ ಕತ್ತರಿಸಿ ತೆಗೆದೊಡನೆ ಈ ಒತ್ತಡ ಕುಸಿಯುತ್ತದೆ. ದಾನಿಯ ಕಾರ್ನಿಯಾವನ್ನು ಕೂರಿಸಿ ಹೊಲಿಗೆ ಹಾಕುವವರೆಗೂ ಒಳಗಿನ ಮಸೂರ, ಅದರ ಹಿಂದಿನ ಲೋಳೆ ಎಲ್ಲಕ್ಕೂ ಮುಚ್ಚಳವೇ ಇಲ್ಲ. ಆಗ ರೋಗಿ ಜೋರಾಗಿ ಕೆಮ್ಮಿದರೆ, ತಿಣುಕಿದರೆ, ರೆಪ್ಪೆ ಬಿಗಿದರೆ ಒಳಗಿನದು ಹೊರಗೆ ನುಗ್ಗಬಹುದು. ಅಪರೂಪಕ್ಕೆ ರಕ್ತನಾಳ ಒಡೆದು ದೃಷ್ಟಿಯೇ ಹೋಗಬಹುದು.

ಹಾಗಿದ್ದೂ ಅನೇಕ ವಯಸ್ಕರಿಗೆ ಕಣ್ಣಿನ ಸುತ್ತ ಕೊಡುವ ಇಂಜೆಕ್ಷನ್ ಸಾಕಾಗುತ್ತದೆ. ಅದರಲ್ಲಿನ ಮರಗಟ್ಟಿಸುವ ಔಷಧಿಗಳಾದ ಲಿಗ್ನೊಕೇನ್, ಬುಪಿವಕೇನ್ ಹರಡಿದಂತೆ ನೋವು ಹೋಗುತ್ತದೆ, ಗುಡ್ಡೆ ಹೊರಳುವುದು ನಿಲ್ಲುತ್ತದೆ. ಆದರೆ ಚುಚ್ಚಿದ ಔಷಧಿಯೂ ಜಾಗ ಹಿಡಿದು ಗುಡ್ಡೆಯನ್ನು ಹಿಂದಿನಿಂದ ಒತ್ತುತ್ತದಲ್ಲ! ಅದಕ್ಕೇ ಕೆಲವು ನಿಮಿಷ ಕಣ್ಣಿನ ಮೇಲೆ ಹದವಾಗಿ ಒತ್ತಿ ಹಿಡಿದು, ಗುಡ್ಡೆ ಮೆತ್ತಗಾದ ಮೇಲೆಯೇ ಮುಂದುವರಿಯುತ್ತಾರೆ.

ಮಕ್ಕಳಿಗೆ, ಅಲುಗದೆ ಮಲಗಲಾಗದವರಿಗೆ ಪೂರ್ಣ ಅರಿವಳಿಕೆಯೇ ಸರಿ. ತೂತುಬಿದ್ದ ಕಣ್ಣಿಗೂ ಸಾಮಾನ್ಯವಾಗಿ ಅದೇ. ಅಲ್ಲಿ ಇಂಜೆಕ್ಷನ್ನಿನ ಒತ್ತಡವೇ ಅಪಾಯ. ಹೃದಯ, ಶ್ವಾಸಕೋಶ ದುರ್ಬಲವಾದ ವೃದ್ಧರ ವಿಷಯದಲ್ಲಿ ಮಾತ್ರ ತೀರ್ಮಾನ ನಿಜಕ್ಕೂ ಕಷ್ಟ.

2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳಿಂದ ಬೆಂಗಳೂರಿನಲ್ಲಿ ನಾಲ್ವರಿಗೆ ದೃಷ್ಟಿ ಬಂದದ್ದು ಕನ್ನಡಿಗರಿಗೆ ನೆನಪಿದೆ. ಮುಂಪದರ ಇಬ್ಬರಿಗೆ, ಒಳಪದರ ಇಬ್ಬರಿಗೆ. ಇಂಥ ಪದರ ಕಸಿ ಅರಿವಳಿಕೆಯ ಲೆಕ್ಕವನ್ನೂ ಬದಲಿಸಿದೆ. ಒಳಪದರವನ್ನು ಸಣ್ಣ ಸೀಳಿನಿಂದ ತೂರಿಸಿ, ಗಾಳಿಗುಳ್ಳೆಯಿಂದ ಒತ್ತಿ ಅಂಟಿಸುತ್ತಾರೆ. ಕಣ್ಣು ಬಾಯ್ತೆರೆಯುವುದೇ ಇಲ್ಲ. ಹಾಗಾಗಿ ಕೆಲವರಿಗೆ ಮರಗಟ್ಟಿಸುವ ಹನಿ, ಜೊತೆಗೆ ಕಣ್ಣೊಳಗೆ ತುಸು ಔಷಧಿ ಇಷ್ಟೇ ಸಾಕು. ಪೂರ್ಣ ಅರಿವಳಿಕೆ ಕೊಡಲೇಬೇಕಾದರೆ ನೈಟ್ರಸ್ ಆಕ್ಸೈಡ್ ಅನಿಲದ ಬಗ್ಗೆ ಎಚ್ಚರ ಬೇಕು: ಅದು ಆ ಗುಳ್ಳೆಯೊಳಗೆ ಸೇರಿ ಅದನ್ನು ಹಿಗ್ಗಿಸುತ್ತದೆ.

ಬಿಡದ ಕೆಮ್ಮು, ನಡುಗುವ ತಲೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು, ಕಿವಿ ಕೇಳಿಸದಿರುವುದು, ಮುಖಕ್ಕೆ ಬಟ್ಟೆ ಹೊದಿಸಿದರೆ ಉಸಿರುಗಟ್ಟಿದಂತಾಗುವುದು: ಕಣ್ಣಿಗೆ ಸಂಬಂಧವೇ ಇಲ್ಲವೆಂದು ರೋಗಿ ಬಿಟ್ಟುಬಿಡುವ ಇಂಥ ಸಂಗತಿಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಬೇಕು. ಯಾವ ಅರಿವಳಿಕೆ ಎಂಬುದು ಎಷ್ಟೋ ಸಲ ಇವುಗಳಿಂದಲೇ ನಿರ್ಧಾರವಾಗುತ್ತದೆ.