ಮಾತಿಗೆ ಮಾತ್ರೆಯಿಲ್ಲ

ಉದಗೀರ ಕಡೆಯ ಓದುಗರೊಬ್ಬರು ಕಳಿಸಿದ ಪುಟದ ಫೋಟೋ ನೋಡಿ ಮೊದಲು ನಕ್ಕೆ. ಆಮೇಲೆ ನನ್ನದೇ ಹಳೆಯ ಪೆದ್ದುತನ ನೆನಪಾಗಿ ಸುಮ್ಮನಾದೆ. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ. ಒಂದು ಸ್ವರ ಇಲ್ಲಿ, ಮುಂದಿನದು ಗೇಣು ದೂರದಲ್ಲಿ. ಕೆಳಗೆ ಕನ್ನಡ ಪದಗಳು ಸಂತೆಗೆ ಹೊರಟವರ ಹಾಗೆ ಸಾಲುಗಟ್ಟಿವೆ. ಜೊತೆಗೆ ಒಂದೇ ಸಾಲಿನ ಪ್ರಶ್ನೆ: ‘ಸರ, ಮಾತು ಬರದ್ರ ಸ್ವರ ದೂರ ದೂರ ಸರೀತಾವ್ರಿ, ಹಿಂಗ್ಯಾಕ?’

ಇವರು ಪೇಟಿ ನುಡಿಸುವವರು. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚುತ್ತಾರಲ್ಲ, ಅಲ್ಲಿ ಗವಾಯಿಗಳ ಮಗ್ಗುಲಲ್ಲಿ ಕೂರುವವರು. ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿಗೆರೆ ಆಮೇಲೆ ಸರಿಯಿತು, ಪುರಾಣದ ಪದ್ಧತಿ ಸರಿಯಲಿಲ್ಲ. ಗವಾಯಿ ಪದ್ಯ ಹಾಡುತ್ತಾರೆ, ಶಾಸ್ತ್ರಿಗಳು ಅರ್ಥ ಹೇಳುತ್ತಾರೆ, ಅವರ ಕೊನೆಯ ಮಾತು ಮುಗಿಯುವಷ್ಟರಲ್ಲಿ ಪೇಟಿ ಮತ್ತೆ ಎತ್ತಿಕೊಳ್ಳುತ್ತದೆ. ಕೀಬೋರ್ಡು ಕಲಿಯುತ್ತಿರುವ ಮೊಮ್ಮಗನಿಗಾಗಿ ಇದನ್ನೆಲ್ಲ ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದಿಡಲು ಹೊರಟಿದ್ದಾರೆ.

ಇಂಥ ಕೆಲಸಕ್ಕೆ ‘ಎನ್‌ಗ್ರೇವಿಂಗ್’, ಅಂದರೆ ಕೆತ್ತನೆ, ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದೆ ಕುಶಲಕರ್ಮಿಗಳು ಲೋಹದ ತಗಡಿನ ಮೇಲೆ ಉಳಿಯಿಂದ ಸ್ವರಚಿಹ್ನೆಗಳನ್ನು ತಿರುಗುಮುರುಗಾಗಿ ಬಡಿದು ಮೂಡಿಸುತ್ತಿದ್ದರು. ಸ್ವರ ಎರಡರಷ್ಟು ಉದ್ದವಾದರೆ ಜಾಗವೂ ಎರಡರಷ್ಟು ಬೇಕಿಲ್ಲ, ಸುಮಾರು ಒಂದೂವರೆಪಟ್ಟು ಕೊಟ್ಟರೆ ಕಣ್ಣಿಗೆ ಹಿತ ಎಂಬುದನ್ನು ಕಂಡುಕೊಂಡವರು ಅವರೇ. ತಂತ್ರಾಂಶ ಇಂದಿಗೂ ಅದೇ ಜಾಡಿನಲ್ಲಿ ಲೆಕ್ಕ ಹಾಕುತ್ತದೆ.

ಆ ಲೆಕ್ಕ ಕೆಡುವುದು ಎಲ್ಲಿ? ನಮ್ಮ ಓದುಗರು ಶಾಸ್ತ್ರಿಗಳ ಮಾತನ್ನು ‘ಲಿರಿಕ್ಸ್’ ಎಂಬ ಕಡೆ ಬೆರಳಚ್ಚು ಮಾಡಿದ್ದಾರೆ. ಅಲ್ಲಿ ಸ್ಪೇಸ್ ಒತ್ತಿದರೆ ಅದು ಪದಗಳ ನಡುವಿನ ಜಾಗವಲ್ಲ, ‘ಮುಂದಿನ ಸ್ವರಕ್ಕೆ ನಡೆ’ ಎಂಬ ಅಪ್ಪಣೆ. ‘ಆಗ ಕಲ್ಯಾಣದಲ್ಲಿ’ ಎಂದು ಬರೆದರೆ ‘ಆಗ’ ಒಂದು ಸ್ವರದ ಕೆಳಗೆ, ‘ಕಲ್ಯಾಣದಲ್ಲಿ’ ಇಡಿಯಾಗಿ ಇನ್ನೊಂದರ ಕೆಳಗೆ. ಅಷ್ಟಗಲದ ಪದ ಹಿಡಿಸಬೇಕಲ್ಲ, ಯಂತ್ರ ಸ್ವರಗಳನ್ನೇ ದೂರ ತಳ್ಳುತ್ತದೆ. ಯಂತ್ರಕ್ಕೆ ಸಂಗೀತ ಬರುತ್ತದೆ ಎಂದು ನಂಬಿದವರಿಗೆ ಇದೊಂದು ಪಾಠ. ಅದಕ್ಕೆ ಗೊತ್ತಿರುವುದು ಯಾವ ಮಾತನ್ನು ಯಾವ ಗೂಟಕ್ಕೆ ಕಟ್ಟಿದ್ದೀರಿ ಎಂಬುದಷ್ಟೆ.

ಹಾಡಿನ ಅಕ್ಷರವನ್ನು ಸ್ವರದ ಗೂಟಕ್ಕೆ ಕಟ್ಟಲು ನ್ಯಾಯವಿದೆ, ಅದಕ್ಕೆ ಮಾತ್ರೆಯಿದೆ. ‘ಬಸವಣ್ಣ’ ಎಂಬ ಹೆಸರನ್ನೇ ನೋಡಿ. ಬ, ಸ ಲಘುಗಳು, ಒಂದೊಂದು ಮಾತ್ರೆ. ಒತ್ತಕ್ಷರದ ಹಿಂದಿನದು ಗುರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಹಾಗಾಗಿ ‘ವ’ಕ್ಕೆ ಎರಡು. ಕೊನೆಯ ‘ಣ್ಣ’ ಒಂದು. ಒಟ್ಟು ಐದು, ಅದೂ ಎರಡು-ಮೂರಾಗಿ ಒಡೆದುಕೊಂಡು. ಝಪತಾಳದ ಹತ್ತು ಮಾತ್ರೆ ನಡೆಯುವುದೂ ಎರಡು-ಮೂರು, ಎರಡು-ಮೂರಾಗಿಯೇ! ಎರಡು ಸಲ ಕರೆದರೆ ಒಂದು ಆವರ್ತ ಮುಗಿಯಿತು. ತಬಲದವರ ಮುಂದೆ ಒಮ್ಮೆ ಹೇಳಿ ನೋಡಿ, ಕೈ ತಾನಾಗಿ ಏಳುತ್ತದೆ.

ಇಲ್ಲೇ ಒಂದು ತಮಾಷೆ. ಬರೆಯುವಾಗ ‘ಣ’ದ ಒತ್ತು ಕೊನೆಯ ಅಕ್ಷರಕ್ಕೆ ಅಂಟಿರುತ್ತದೆ, ಹಾಡುವಾಗ ಅರ್ಧ ‘ಣ್’ ಹಿಂದಿನ ಸ್ವರದಲ್ಲೇ ಮುಗಿಯುತ್ತದೆ. ಲಿಪಿ ‘ಬ-ಸ-ವ-ಣ್ಣ’ ಅನ್ನುತ್ತದೆ, ಗಂಟಲು ‘ಬ-ಸ-ವಣ್-ಣ’ ಅನ್ನುತ್ತದೆ. ಯಾವುದನ್ನು ಬೆರಳಚ್ಚಿಸಬೇಕು? ನಾನು ಲಿಪಿಯ ಪಕ್ಷ. ಕನ್ನಡ ಓದುವ ಗಂಟಲಿಗೆ ಒತ್ತಕ್ಷರ ಕಂಡೊಡನೆ ಹಿಂದಿನದನ್ನು ಗಟ್ಟಿ ಮಾಡುವುದು ಹುಟ್ಟಾ ಗೊತ್ತು. ಎರಡು ಸಾಲು ಸಾಹಿತ್ಯವಿದ್ದರೆ ಮಾತ್ರ ಸಾಲುಗಳ ಅಂತರ ಹೆಚ್ಚಿಸಿ, ಇಲ್ಲವಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಗುರುಮುಖದಿಂದ ಬಂದದ್ದನ್ನು ಬರೆದಿಟ್ಟರೆ ವಿದ್ಯೆ ಕೈಬಿಡುತ್ತದೆ ಎಂದು ಯಾರೋ ಇವರನ್ನು ಹೆದರಿಸಿದ್ದಾರಂತೆ. ಶುದ್ಧ ಮೂಢನಂಬಿಕೆ. ವಿಷ್ಣು ನಾರಾಯಣ ಭಾತಖಂಡೆ (1860–1936) ಘರಾಣೆಗಳ ಬಂದಿಶ್‌ಗಳನ್ನು ಹುಡುಕಿ ಹುಡುಕಿ ಬರೆದುಕೊಂಡು ಮರಾಠಿಯಲ್ಲಿ ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗ ಮಾಡಿದರು. ವಿದ್ಯೆ ಎಲ್ಲಿಗೂ ಓಡಿಹೋಗಲಿಲ್ಲ. ಅವರ ಪುಟದಲ್ಲಿ ಅಕ್ಷರ ಮುಗಿದು ಸ್ವರ ಮುಂದುವರಿದ ಕಡೆ ಅವಗ್ರಹ ‘ಽ’ ಇರುತ್ತದೆ. ಮ್ಯೂಸ್‌ಸ್ಕೋರಿನಲ್ಲಿ ಅದೇ ಕೆಲಸವನ್ನು ಅಂಡರ್‌ಸ್ಕೋರ್ ಕೀಲಿ ಎಳೆಯುವ ಗೆರೆ ಮಾಡುತ್ತದೆ. ಕಂಪ್ಯೂಟರಿನದೇನೂ ಹೊಸ ಬುದ್ಧಿಯಲ್ಲ.

ಆದರೆ ಶಾಸ್ತ್ರಿಗಳ ಮಾತಿಗೆ ಮಾತ್ರೆಯಿಲ್ಲ. ಇವತ್ತು ಎರಡು ನಿಮಿಷ ಹೇಳಿಯಾರು, ಜನ ತಲೆದೂಗಿದರೆ ಹತ್ತು ನಿಮಿಷ. ಅದನ್ನು ಸ್ವರಕ್ಕೆ ಕಟ್ಟುವುದೇ ತಪ್ಪು. ಹಾಡು ನಿಂತು ಬರೀ ಮಾತು ನಡೆಯುವ ಕಡೆ ‘ಟೆಕ್ಸ್ಟ್ ಫ್ರೇಮ್’ ಹಾಕಿ. ಅದು ಎರಡು ಸ್ವರಸಾಲುಗಳ ನಡುವೆ ಪುಟದಗಲ ಕೂರುವ ಚೌಕಟ್ಟು. ಸಾಲು ತಾನಾಗಿ ಮುರಿಯುತ್ತದೆ, ಒಂದು ಸ್ವರವೂ ಅಲುಗುವುದಿಲ್ಲ.

ಮಾತಿನ ಹಿಂದೆ ಪೇಟಿ ಸಣ್ಣಗೆ ನುಡಿಯುತ್ತಿದ್ದರೆ ಬೇರೆ ಉಪಾಯ ಬೇಕು. ಕಂಟ್ರೋಲ್-ಟಿ ಒತ್ತಿದರೆ ಬರುವ ‘ಸ್ಟಾಫ್ ಟೆಕ್ಸ್ಟ್’ ಸ್ವರಸಾಲಿನ ಮೇಲೆ ಕೂರುತ್ತದೆ, ಸ್ವರಗಳನ್ನು ಅಡ್ಡಕ್ಕೆ ತಳ್ಳುವುದಿಲ್ಲ. ಆದರೆ ತಾನಾಗಿ ಸಾಲು ಮುರಿಯುವುದೂ ಇಲ್ಲ, ಇಡೀ ಕಥೆ ತುಂಬಿದರೆ ಪುಟದಾಚೆ ಹೋಗುತ್ತದೆ. ಇಡೀ ಕಥೆ ಏತಕ್ಕೆ? ಪುನರಾವರ್ತನೆಯ ಚಿಹ್ನೆ ಹಾಕಿ, ಶಾಸ್ತ್ರಿಗಳ ಕೊನೆಯ ನಾಲ್ಕು ಪದವನ್ನಷ್ಟೇ ಬರೆಯಿರಿ. ವಾದ್ಯದವನಿಗೆ ಬೇಕಾದದ್ದು ಅಷ್ಟೆ. ತಬಲದವರಿಗೂ ಬೇರೆ ಪುಟ ತೆಗೆಯುವುದಾದರೆ ಕಂಟ್ರೋಲ್-ಶಿಫ್ಟ್-ಟಿಯ ‘ಸಿಸ್ಟಮ್ ಟೆಕ್ಸ್ಟ್’ ಬಳಸಿ, ಅದು ಎಲ್ಲರ ಪುಟದಲ್ಲೂ ಕಾಣುತ್ತದೆ. ನಾನು ಇದನ್ನು ಮರೆತು ಒಮ್ಮೆ ಶಾಲಾ ಕಾರ್ಯಕ್ರಮದಲ್ಲಿ ಪೇಟಿಗೆ ಮಾತ್ರ ಸೂಚನೆ ಬರೆದಿದ್ದೆ. ಮಾತು ಮುಗಿಯಿತು, ಪೇಟಿ ಎತ್ತಿತು, ತಬಲಾ ಹುಡುಗ ಚಾವಣಿ ನೋಡುತ್ತ ಕೂತಿದ್ದ.

ಕೊನೆಗೊಂದು ಕೋರಿಕೆ. ಸ್ವರಲಿಪಿಯ ಪ್ರಸಿದ್ಧ ತಂತ್ರಾಂಶ ಫಿನಾಲೆ, ಮೂವತ್ತೈದು ವರ್ಷ ನಡೆದು 2024ರ ಆಗಸ್ಟ್‌ನಲ್ಲಿ ಅಭಿವೃದ್ಧಿ ನಿಲ್ಲಿಸಿತು. ನಿಮ್ಮ ಕಡತವನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲೂ ಉಳಿಸಿ, ಬೇರೆ ತಂತ್ರಾಂಶಗಳೂ ಅದನ್ನು ಓದುತ್ತವೆ. ಅದರಲ್ಲಿ ಸ್ವರ ಭದ್ರ, ಮಾತಿನ ಚೌಕಟ್ಟು ಅತ್ತಿತ್ತ ಸರಿದೀತು. ಅದಕ್ಕೇ ಒಂದು ಪ್ರತಿ ಕಾಗದದ ಮೇಲೂ ಇರಲಿ, ಅಕ್ಷರ ದಪ್ಪಗಿರಲಿ. ಶ್ರಾವಣದ ರಾತ್ರಿ ಕರೆಂಟ್ ಹೋದರೂ ಪುರಾಣ ನಿಲ್ಲುವುದಿಲ್ಲವಲ್ಲ.